ಅಂಗೈ ತಿರುಗಿಸಿದರೆ ಆನೆ: ದಸರಾ ರಜೆಗೆ ಮನೆಯಲ್ಲೇ ಒಂದು ಜಂಬೂ ಸವಾರಿ

ಕೃಷ್ಣಾಷ್ಟಮಿ ದಿನ ಹೊಸಿಲಿಂದ ದೇವರ ಮನೆ ತನಕ ಪುಟ್ಟ ಹೆಜ್ಜೆ ಬಿಡಿಸುತ್ತೀರಲ್ಲ, ಹೇಗೆ ಬಿಡಿಸುತ್ತೀರಿ? ಮುಷ್ಟಿ ಕಟ್ಟಿ, ಕಿರುಬೆರಳಿನ ಪಕ್ಕದ ಭಾಗವನ್ನು ಅಕ್ಕಿಹಿಟ್ಟಿನ ನೀರಿಗೆ ಅದ್ದಿ ನೆಲಕ್ಕೆ ಒತ್ತಿದರೆ ಪಾದ. ಮೇಲೆ ಬೆರಳ ತುದಿಯಿಂದ ಐದು ಚುಕ್ಕಿ ಇಟ್ಟರೆ ಕಾಲ್ಬೆರಳು. ಕೈಯಲ್ಲಿ ಕಾಲು ಮೂಡಿಸುವ ವಿದ್ಯೆ ನಮ್ಮ ಮನೆಗಳಲ್ಲಿ ಮೊದಲಿಂದಲೂ ಇದೆ. ಈ ಸಲ ದಸರಾ ರಜೆಯಲ್ಲಿ ಅದೇ ಕೈಯಿಂದ ಆನೆ ಮೂಡಿಸೋಣ. ಒಂದಲ್ಲ, ಸಾಲಾನೆ, ಅಂಬಾರಿ ಸಮೇತ.

ಮೊದಲು ಇಲ್ಲೇ ಕೂತಲ್ಲೇ ನೋಡಿ. ಬಲಗೈ ಅಂಗೈಯನ್ನು ಮೇಜಿನ ಮೇಲೆ ಊರಿ. ಹೆಬ್ಬೆರಳು ದೂರ ಚಾಚಿ, ಉಳಿದ ನಾಲ್ಕು ಬೆರಳ ನಡುವೆ ಸ್ವಲ್ಪ ಸ್ವಲ್ಪ ಸಂದಿ ಬಿಡಿ. ಈಗ ಎದುರಿಗೆ ಕೂತವರ ಕಣ್ಣಲ್ಲಿ ಅದನ್ನು ನೋಡಿ. ನಾಲ್ಕು ಬೆರಳು ನಾಲ್ಕು ಕಾಲು, ಅಂಗೈ ಹೊಟ್ಟೆ, ಹೆಬ್ಬೆರಳು ಸೊಂಡಿಲು. ಮಣಿಕಟ್ಟು ಇರುವ ಕಡೆ ಬೆನ್ನು. ಅಂಬಾರಿ ಕೂರಿಸೋಕೆ ಜಾಗ ಕೂಡ ರೆಡಿ ಇದೆ. ಕಿರುಬೆರಳು ಗಿಡ್ಡ ಇರೋದರಿಂದ ಹಿಂದಿನ ಕಾಲು ಸ್ವಲ್ಪ ಎತ್ತಿದ ಹಾಗೆ ಕಾಣುತ್ತದೆ, ಆನೆ ನಡೀತಾ ಇದೆ ಅನ್ನಿಸುತ್ತದೆ. ಚಿತ್ರ ಬರೆಯೋಕೆ ಬರಲ್ಲ ಅನ್ನುವವರೂ ಇದನ್ನು ಮಾಡಬಹುದು, ಏಕೆಂದರೆ ಮುಕ್ಕಾಲು ಚಿತ್ರ ಆಗಲೇ ಕೈಯಲ್ಲೇ ಇದೆ.

ಬಣ್ಣದ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ

ಮಗಳಿಗೆ ನಾಲ್ಕು ವರ್ಷ ಇದ್ದಾಗ ಮೊದಲ ಸಲ ಇದನ್ನು ಶುರು ಮಾಡಿದ್ದು. ಮನೆಯಲ್ಲಿ ಕುಂಡಕ್ಕೆ ಬಳಿದು ಉಳಿದ ಅಕ್ರಿಲಿಕ್ ಬಣ್ಣ ಇತ್ತು, ಅದನ್ನೇ ಕೈಗೆ ಹಚ್ಚಿದೆ. ಅಚ್ಚು ಚೆನ್ನಾಗೇ ಬಂತು. ಆದರೆ ಅವಳು ಆ ಕೈ ಹಿಡಿದುಕೊಂಡು ಅಪ್ಪನಿಗೆ ತೋರಿಸೋಕೆ ಓಡಿ, ಅಲ್ಲಿ ಇಲ್ಲಿ ಸುತ್ತಿ ವಾಪಸ್ ಬರುವ ಹೊತ್ತಿಗೆ ಬಣ್ಣ ಒಣಗಿ ಪ್ಲಾಸ್ಟಿಕ್ ಪೊರೆ ಆಗಿತ್ತು. ಉಗುರ ಸಂದಿಯಿಂದ ಅದನ್ನು ಬಿಡಿಸೋಕೆ ಅರ್ಧ ಗಂಟೆ, ಅಳು ಬೇರೆ. ಅವಳ ಫ್ರಾಕಿನ ಮೇಲೆ ಬಿದ್ದದ್ದು ಇವತ್ತಿಗೂ ಹೋಗಿಲ್ಲ. ಅಕ್ರಿಲಿಕ್, ಫ್ಯಾಬ್ರಿಕ್ ಪೇಂಟ್, ಗೋಡೆಗೆ ಬಳಿಯುವ ಪೇಂಟ್ ಯಾವುದೂ ಮಕ್ಕಳ ಚರ್ಮಕ್ಕೆ ಬೇಡ. ಹೋಳಿ ಬಣ್ಣ, ಕುಂಕುಮ ಕಲಸಿದ್ದೂ ಬೇಡ, ಅದರೊಳಗೆ ಏನೇನು ಬೆರೆಸಿರುತ್ತಾರೋ ಯಾರಿಗೆ ಗೊತ್ತು.

ಮಕ್ಕಳಿಗೆಂದೇ ಬರುವ ಫಿಂಗರ್ ಪೇಂಟ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ನೀರಲ್ಲಿ ತೊಳೆದರೆ ಹೋಗುವ, ವಿಷವಿಲ್ಲ ಅಂತ ಬಾಟಲಿ ಮೇಲೆ ಬರೆದಿರುವ ಪೋಸ್ಟರ್ ಕಲರ್ ಸಾಕು, ಸ್ಟೇಷನರಿ ಅಂಗಡಿಯಲ್ಲೆಲ್ಲ ಇರುತ್ತದೆ. ಬೇಗ ಚರ್ಮ ಕೆಂಪಾಗುವ ಮಗುವಾದರೆ ಹಿಂದಿನ ದಿನವೇ ಮೊಣಕೈ ಒಳಗಡೆ ಒಂದು ಚುಕ್ಕಿ ಹಚ್ಚಿ ನೋಡಿ. ಬಣ್ಣಕ್ಕೆ ಎರಡು ಹನಿ ಬೇಬಿ ಶಾಂಪೂ ಬೆರೆಸಿಕೊಂಡರೆ ಆಮೇಲೆ ತೊಳೆಯೋದು ಸಲೀಸು.

ಆನೆ ಬಣ್ಣ ಮಾಡುವಾಗ ಬಿಳಿಯಿಂದ ಶುರು ಮಾಡಿ. ನಾಲ್ಕು ಚಮಚ ಬಿಳಿಗೆ ಕಪ್ಪು ಒಂದೊಂದೇ ಹನಿ ಹಾಕುತ್ತಾ ಬನ್ನಿ. ಉಲ್ಟಾ ಮಾಡಿದರೆ, ಅಂದರೆ ಕಪ್ಪಿಗೆ ಬಿಳಿ ಹಾಕುತ್ತಾ ಹೋದರೆ, ಬಾಟಲಿ ಬಿಳಿ ಖಾಲಿಯಾದರೂ ಬೂದು ಬಣ್ಣ ಬರಲ್ಲ. ಕೊನೆಗೆ ಒಂದು ಹನಿ ಕಂದು ಹಾಕಿ. ಬರೀ ಬೂದು ಬಣ್ಣ ಸಿಮೆಂಟಿನ ಹಾಗೆ ಕಾಣುತ್ತದೆ, ಕಂದು ಬಿದ್ದರೆ ಮಣ್ಣು ಎರಚಿಕೊಂಡ ಆನೆ ಥರ ಜೀವ ಬರುತ್ತದೆ. ಹದ ಸೆಟ್ ದೋಸೆ ಹಿಟ್ಟಿನಷ್ಟು ಇರಲಿ. ನೀರಾದರೆ ಬೆರಳ ಸಂದಿಗೆ ಹರಿದು ನಾಲ್ಕು ಕಾಲೂ ಸೇರಿ ಗೋಡೆ ಆಗುತ್ತದೆ.

ಕೈ ಬಾಯಿಗೆ ಹಾಕುವ ವಯಸ್ಸಿನ ಮಗುವಾದರೆ ಅಂಗಡಿ ಬಣ್ಣವೇ ಬೇಡ, ರಾಗಿ ಇದೆ. ಮೂರು ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ರಾಗಿ ಸರಿ ಥರ ಗಟ್ಟಿ ಮಾಡಿ, ಪೂರ್ತಿ ಆರಿಸಿ. ಅದರ ಬಣ್ಣ ನೋಡಿದರೇ ಆನೆ ನೆನಪಾಗುತ್ತದೆ. ಮಗು ನೆಕ್ಕಿದರೆ ನೆಕ್ಕಲಿ, ಹೇಗೂ ತಿನ್ನೋದು ಅದನ್ನೇ. ಒಣಗಿದ ಮೇಲೆ ತಿಳಿ ಕಂದಾಗುತ್ತದೆ, ಜಾಸ್ತಿ ದಪ್ಪ ಹಚ್ಚಿದ್ದರೆ ಅಲ್ಲಲ್ಲಿ ಸಿಪ್ಪೆ ಏಳುತ್ತದೆ. ಅದಕ್ಕೇ ಒಣಗಿದ ತಕ್ಷಣ ಅಚ್ಚಿನ ಸುತ್ತ ಪೆನ್ಸಿಲ್ಲಿಂದ ಗೆರೆ ಎಳೆದಿಟ್ಟುಕೊಳ್ಳಿ. ಇನ್ನೊಂದು ಮಾತು, ರಾಗಿ ಆನೆಯನ್ನು ಇರುವೆ ಓಡಾಡುವ ಕಡೆ ಇಟ್ಟರೆ ಬೆಳಗ್ಗೆ ಎದ್ದಾಗ ಆನೆ ಸುತ್ತ ಇರುವೆ ಮೆರವಣಿಗೆ ಇರುತ್ತದೆ. ನಮ್ಮನೆಯಲ್ಲಿ ಆಗಿದೆ.

ಬೇರೆ ಬಣ್ಣ ಬೇಕಿದ್ದರೆ ಇದೇ ರೀತಿ ಕಾರ್ನ್‌ಫ್ಲೋರ್ ಗಂಜಿ ಮಾಡಿ ಅಡುಗೆ ಬಣ್ಣ ಬೆರೆಸಬಹುದು. ಕಾಲು ಕಪ್ ಹಿಟ್ಟಿಗೆ ಒಂದೂವರೆ ಕಪ್ ನೀರು. ಹಳದಿಗೆ ಅರಿಶಿನ ಹಾಕಿದರೂ ನಡೆಯುತ್ತದೆ, ಆದರೆ ಬಟ್ಟೆಗೆ ತಾಗಿದರೆ ಕಲೆ ಗ್ಯಾರಂಟಿ, ಬಿಸಿಲಿಗೆ ಇಟ್ಟರೆ ಕಾಗದದ ಮೇಲಿನ ಹಳದಿ ಮಾಸಿಯೂ ಹೋಗುತ್ತದೆ. ಅರಿಶಿನದ ಕೈ ತೊಳೆಯುವಾಗ ಮಾತ್ರ ಮಕ್ಕಳನ್ನು ಕರೆದು ತೋರಿಸಿ. ಸೋಪು ತಾಗಿದ ಕೂಡಲೇ ಹಳದಿ ಕೆಂಪಾಗುತ್ತದೆ. ಓಕುಳಿ ಮಾಡುವಾಗ ಸುಣ್ಣ ಹಾಕಿದರೆ ಆಗೋದೂ ಇದೇ. ಹಾಗಂತ ಮಕ್ಕಳ ಕೈಗೆ ಸುಣ್ಣ ಹಚ್ಚೋಕೆ ಹೋಗಬೇಡಿ, ಸುಟ್ಟೀತು.

ಇನ್ನು ಬೇಕಾಗೋದು: ದಪ್ಪ ಡ್ರಾಯಿಂಗ್ ಶೀಟ್ (ತೆಳು ಚಾರ್ಟ್ ಪೇಪರ್ ಸುರುಟಿಕೊಳ್ಳುತ್ತದೆ), ಪಾತ್ರೆ ಉಜ್ಜುವ ಹೊಸ ಸ್ಪಂಜಿನ ಒಂದು ತುಂಡು, ಒಂದು ಹಳೇ ಟವೆಲ್, ದಿನಪತ್ರಿಕೆ, ಒಂದು ಕಪ್ಪು ಸ್ಕೆಚ್ ಪೆನ್, ಕಿವಿ ಕಡ್ಡಿ, ಅಂಟು, ಮತ್ತೆ ಮನೆಗೆ ಬಂದ ಹಳೇ ಮದುವೆ ಕಾರ್ಡುಗಳು. ಕಾರ್ಡು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಒಂದು ಬಕೆಟ್ ನೀರು ಮತ್ತು ಒರೆಸೋ ಬಟ್ಟೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಶುರು ಮಾಡಿ. ಬಣ್ಣ ಹಚ್ಚಿದ ಮಗುವನ್ನು ಬಚ್ಚಲ ತನಕ ನಡೆಸಿಕೊಂಡು ಹೋದರೆ ದಾರಿಯುದ್ದಕ್ಕೂ ಗೋಡೆ ಮೇಲೆ ಆನೆಗಳು ಮೂಡಿರುತ್ತವೆ.

ಅಚ್ಚು ಒತ್ತುವ ಕೆಲಸ

ಜಾಸ್ತಿ ಜನ ಎಡವೋದು ಇಲ್ಲೇ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ನಮ್ಮ ಅಂಗೈ ಚಪ್ಪಟೆ ಇಲ್ಲ, ನಡುವೆ ಗುಳಿ ಇದೆ. ಗಟ್ಟಿ ಮೇಜಿನ ಮೇಲೆ ಕಾಗದ ಇಟ್ಟು ಒತ್ತಿದರೆ ಆ ಗುಳಿ ಕಾಗದಕ್ಕೆ ತಾಗೋದೇ ಇಲ್ಲ, ಆನೆ ಹೊಟ್ಟೆ ನಡುವೆ ಬಿಳಿ ತೂತು ಉಳಿಯುತ್ತದೆ. ಅದಕ್ಕೇ ಟವೆಲ್. ಟವೆಲನ್ನು ಎರಡು ಮಡಿಕೆ ಮಾಡಿ ಹಾಸಿ, ಅದರ ಮೇಲೆ ದಿನಪತ್ರಿಕೆ, ಅದರ ಮೇಲೆ ಡ್ರಾಯಿಂಗ್ ಶೀಟ್. ಕೆಳಗೆ ಮೆತ್ತಗಿದ್ದರೆ ಕಾಗದ ಸ್ವಲ್ಪ ಬಗ್ಗಿ ಗುಳಿಯನ್ನೂ ಮುಟ್ಟುತ್ತದೆ.

ಮಗುವಿನ ಕೈ ಒಣಗಿರಬೇಕು. ತೊಳೆದು ಬಂದ ಒದ್ದೆ ಕೈಗೆ ಬಣ್ಣ ಹಿಡಿಯಲ್ಲ. ಬಣ್ಣವನ್ನು ಬ್ರಶ್ಶಿಂದ ಹಚ್ಚಬೇಡಿ, ಕಚಗುಳಿಯಾಗಿ ಕೈ ಮುದುಡಿಕೊಳ್ಳುತ್ತಾರೆ. ತಟ್ಟೆಯಲ್ಲಿ ಬಣ್ಣ ಸುರಿದು ಕೈ ಅದ್ದಿಸೋದೂ ಬೇಡ, ಜಾಸ್ತಿ ಮೆತ್ತಿಕೊಂಡು ಅಚ್ಚು ಜಾರುತ್ತದೆ. ಸ್ಪಂಜಿನ ತುಂಡನ್ನು ಬಣ್ಣದಲ್ಲಿ ಅದ್ದಿ ಮೊದಲು ಅಂಗೈಗೆ, ಆಮೇಲೆ ಒಂದೊಂದೇ ಬೆರಳಿಗೆ ತಟ್ಟಿ. ಹೆಬ್ಬೆರಳಿಗೆ ಮಾತ್ರ ಒಳಬದಿ ಜೊತೆ ಪಕ್ಕಕ್ಕೂ ಹಚ್ಚಬೇಕು. ಕೈ ಊರಿದಾಗ ಹೆಬ್ಬೆರಳು ಓರೆಯಾಗಿ ಕೂರುವುದರಿಂದ ನೆಲಕ್ಕೆ ತಾಗೋದು ಅದರ ಪಕ್ಕವೇ. ಎಷ್ಟೋ ಆನೆಗಳಿಗೆ ಸೊಂಡಿಲು ಅರ್ಧಕ್ಕೆ ನಿಲ್ಲೋದು ಇದೇ ಕಾರಣಕ್ಕೆ.

ಈಗ ಮಗು ನಿಂತಿರಲಿ. ಕೂತು ಒತ್ತಿದರೆ ಮಣಿಕಟ್ಟು ಎದ್ದು ಬರೀ ಬೆರಳು ಮೂಡುತ್ತವೆ, ಕಾಲಿದೆ ಹೊಟ್ಟೆ ಇಲ್ಲ ಅನ್ನೋ ಹಾಗೆ. ನಿಂತು ಮೇಲಿಂದ ಒತ್ತಿದರೆ ಭಾರ ಸಮವಾಗಿ ಬೀಳುತ್ತದೆ. ಚಿಕ್ಕವರಾದರೆ ಕಾಗದವನ್ನು ನೆಲದಲ್ಲೋ ಮಣೆ ಮೇಲೋ ಇಡಿ. ಮೊದಲು ದಿನಪತ್ರಿಕೆ ಮೇಲೆ ಒಂದು ಸಲ ಒತ್ತಿಸಿ, ಜಾಸ್ತಿ ಇದ್ದ ಬಣ್ಣ ಅಲ್ಲೇ ಇಳಿಯಲಿ. ಆಮೇಲೆ "ಹೆಬ್ಬೆರಳು ದೂರ ಹೋಗು, ಉಳಿದವರೆಲ್ಲ ಸಾಲಾಗಿ ನಿಲ್ಲಿ" ಅಂತ ಹೇಳಿ ಶೀಟಿನ ಮೇಲೆ ಇಡಿಸಿ. ಇಟ್ಟ ಮೇಲೆ ಕದಲಬಾರದು. ನೀವು ಮೇಲಿಂದ ಒಂದೊಂದು ಬೆರಳನ್ನೂ ಮೆಲ್ಲಗೆ ಒತ್ತಿ, ಅಂಗೈ ನಡುವೆಯೂ ಒಮ್ಮೆ ಒತ್ತಿ, ಅವರು ಐದರ ತನಕ ಎಣಿಸಲಿ. ನಂತರ ಒಂದು ಕೈಲಿ ಕಾಗದ ಅದುಮಿಕೊಂಡು ಇನ್ನೊಂದು ಕೈಲಿ ಅವರ ಮಣಿಕಟ್ಟು ಹಿಡಿದು ನೇರ ಮೇಲಕ್ಕೆ ಎತ್ತಿ. ಎಳೆಯಬೇಡಿ.

ಎರಡು ವರ್ಷದ ಒಳಗಿನ ಮಕ್ಕಳು ಬೆರಳು ಬಿಡಿಸೋದೇ ಕಷ್ಟ. ಅವರಿಗೆ ತಿರುವುಮುರುವು ಮಾಡಿ. ಕೈಯನ್ನು ಕಾಗದಕ್ಕೆ ಒಯ್ಯುವ ಬದಲು ಕಾಗದವನ್ನೇ ಕೈಗೆ ತನ್ನಿ. ಶೀಟಿನ ತುಂಡಿನ ಹಿಂದೆ ಒಂದು ನೋಟ್‌ಬುಕ್ ಇಟ್ಟು ಹಿಡಿದುಕೊಂಡು, ಮಗು ಯಾರದೋ ತೊಡೆ ಮೇಲೆ ಹಾಡು ಕೇಳುತ್ತಾ ಕೂತಿರುವಾಗ ಅಂಗೈಗೆ ತಂದು ಒತ್ತಿ ತೆಗೆದುಬಿಡಿ. ನಿದ್ದೆ ಮಾಡುವಾಗ ಮಾಡಿದರೆ ಇನ್ನೂ ಸುಲಭ ಅಂತ ನನ್ನ ಅತ್ತಿಗೆ ಹೇಳುತ್ತಾರೆ. ಒರೆಸುವ ಮೊದಲೇ ಎದ್ದು ಕಣ್ಣು ಉಜ್ಜಿಕೊಂಡರೆ ಅಂತ ನನಗೆ ಭಯ, ನಾನು ಮಾಡಿಲ್ಲ.

ಮೊದಲನೇ ಅಚ್ಚೇ ಚೆನ್ನಾಗಿ ಬರಬೇಕು ಅಂದುಕೊಳ್ಳಬೇಡಿ. ಒಂದು ಶೀಟಿಗೆ ಐದಾರು ಒತ್ತಿಸಿ, ಅದರಲ್ಲಿ ಎರಡು ಮೂರು ಆನೆ ಸಿಕ್ಕೇ ಸಿಗುತ್ತವೆ. ಉಳಿದವೂ ದಂಡಕ್ಕೆ ಹೋಗಲ್ಲ. ಕಾಲು ಸೇರಿಕೊಂಡದ್ದಕ್ಕೆ ಮೇಲೆ ಜೂಲು (ಆನೆ ಬೆನ್ನಿಗೆ ಹೊದಿಸುವ ಅಲಂಕಾರದ ಬಟ್ಟೆ) ಅಂಟಿಸಿದರಾಯಿತು, ಪೂರ್ತಿ ಕಲಸಿಹೋದದ್ದು ಹಿಂದಿನ ಚಾಮುಂಡಿ ಬೆಟ್ಟ.

ಯಾವ ಕೈ, ಯಾವ ದಿಕ್ಕು

ಇದನ್ನು ಮೊದಲೇ ಯೋಚಿಸಿಕೊಳ್ಳದೆ ನಾನು ಒಂದು ಸಲ ಪೂರ್ತಿ ಶೀಟು ಹಾಳು ಮಾಡಿದ್ದೇನೆ. ಮೆರವಣಿಗೆಯಲ್ಲಿ ಅರ್ಧ ಆನೆ ಅರಮನೆ ಕಡೆ, ಅರ್ಧ ಬನ್ನಿಮಂಟಪದ ಕಡೆ ಮುಖ ಮಾಡಿದ್ದವು. ಲೆಕ್ಕ ಇಷ್ಟೇ. ಬಲಗೈ ಒತ್ತಿ ಕಾಗದ ತಲೆಕೆಳಗು ಮಾಡಿದರೆ ಆನೆ ಬಲಕ್ಕೆ ನೋಡುತ್ತದೆ, ಎಡಗೈ ಒತ್ತಿದರೆ ಎಡಕ್ಕೆ. ಸವಾರಿಗೆ ಎಲ್ಲವೂ ಒಂದೇ ಕೈ ಇರಲಿ. ಎರಡಾನೆ ಎದುರುಬದುರು ನಿಂತು ಹಾರ ಹಿಡಿದಿರೋ ಚಿತ್ರ ಬೇಕಾದರೆ ಬಲಗೈ ಆನೆ ಎಡಗಡೆ, ಎಡಗೈ ಆನೆ ಬಲಗಡೆ ಬರಬೇಕು. ಗೊಂದಲವಾದರೆ ದಿನಪತ್ರಿಕೆ ಮೇಲೆ ಒಂದು ಸಲ ನೋಡಿಕೊಳ್ಳಿ.

ಮತ್ತೊಂದು, ಒತ್ತುವಾಗ ಬೆರಳುಗಳು ಶೀಟಿನ ಮೇಲಂಚಿನ ಕಡೆ ಇರುತ್ತವಲ್ಲ, ತಿರುಗಿಸಿದಾಗ ಅದೇ ಕೆಳಗಾಗುತ್ತದೆ. ಅಂಬಾರಿಗೆ ಜಾಗ ಬೇಕು, ಆದ್ದರಿಂದ ಮಣಿಕಟ್ಟಿನ ಕಡೆ ನಾಲ್ಕು ಬೆರಳಗಲ ಖಾಲಿ ಬಿಟ್ಟು ಒತ್ತಿಸಿ.

ಆನೆಗೆ ಆನೆತನ

ಅರ್ಧ ಗಂಟೆ ಒಣಗಲಿ. ಕರಾವಳಿ ಕಡೆಯವರು, ಮಳೆ ಹಿಡಿದ ದಿನ ಮಾಡುವವರು ಫ್ಯಾನ್ ಕೆಳಗೆ ಇನ್ನೂ ಸ್ವಲ್ಪ ಹೊತ್ತು ಬಿಡಿ. ಆ ಸಮಯಕ್ಕೆ ತಿಂಡಿ ಇಟ್ಟುಕೊಂಡಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಣಗಿತಾ ಒಣಗಿತಾ ಅಂತ ಮುಟ್ಟಿ ಮುಟ್ಟಿ ನೋಡುತ್ತಾರೆ.

ಕಣ್ಣು ಹೆಬ್ಬೆರಳಿನ ಬುಡದಲ್ಲಿ ಬರಬೇಕು, ಅಂಗೈ ನಡುವೆ ಅಲ್ಲ. ಚಿಕ್ಕದಾಗಿ ಇಡಿ. ಕಣ್ಣು ದೊಡ್ಡದಾದಷ್ಟೂ ಆನೆ ಕಾರ್ಟೂನಾಗುತ್ತದೆ. ಕಿವಿಯನ್ನು ಬೇರೆ ಕಾಗದದಲ್ಲಿ ಕತ್ತರಿಸಿ ಕಣ್ಣಿನ ಹಿಂದೆ ಒಂದಂಚು ಮಾತ್ರ ಅಂಟಿಸಿ, ಉಳಿದದ್ದು ಬಿಟ್ಟಿದ್ದರೆ ಗಾಳಿಗೆ ಅಲ್ಲಾಡುತ್ತದೆ, ಮಕ್ಕಳಿಗೆ ಅದೇ ಮಜಾ. ನಮ್ಮ ಆನೆ ಕಿವಿ ಆಫ್ರಿಕಾದ ಆನೆಯಷ್ಟು ದೊಡ್ಡದಲ್ಲ, ಮೊರದಗಲ ಕತ್ತರಿಸಬೇಡಿ. ಸೊಂಡಿಲ ತುದಿಯಲ್ಲೂ ವ್ಯತ್ಯಾಸ ಇದೆ. ಆಫ್ರಿಕಾದ ಆನೆಗೆ ತುದಿಯಲ್ಲಿ ಬೆರಳಿನಂಥ ಎರಡು ಚೂಪು, ನಮ್ಮದಕ್ಕೆ ಒಂದೇ. ನಿಮ್ಮ ಮಗುವಿನ ಹೆಬ್ಬೆರಳ ತುದಿಗೆ ಸ್ಕೆಚ್ ಪೆನ್ನಲ್ಲಿ ಒಂದು ಸಣ್ಣ ಚೂಪು ಎಳೆದರೆ ಸರಿಹೋಯಿತು.

ಬಾಲ ಕಿರುಬೆರಳ ಕಡೆಯ ಅಂಚಿಗೆ. ಉಲ್ಲನ್ ದಾರದ ತುಂಡು ಅಂಟಿಸಿ ತುದಿ ಬಿಚ್ಚಿಬಿಡಿ. ಉಗುರುಗಳಿಗೆ ಕಿವಿ ಕಡ್ಡಿಯಿಂದ ಬಿಳಿ ಚುಕ್ಕಿ ಇಡಬಹುದು. ಏಷ್ಯಾದ ಆನೆಗೆ ಸಾಮಾನ್ಯವಾಗಿ ಮುಂಗಾಲಿಗೆ 5, ಹಿಂಗಾಲಿಗೆ 4 ಉಗುರು. ಮಗುವಿನ ಬೆರಳ ತುದಿಯಲ್ಲಿ ಅಷ್ಟು ಚುಕ್ಕಿ ಹಿಡಿಸಲ್ಲ, ಆದರೆ ಈ ಲೆಕ್ಕ ಹೇಳಿದ್ದೇ ತಡ ನನ್ನ ಮಗಳು ಉಳಿದ ಚುಕ್ಕಿಗಳನ್ನು ನೆಲದ ಮೇಲೆ ಇಟ್ಟು "ಉಗುರು ಉದುರಿದೆ" ಅಂದಳು. ಇರಲಿ ಬಿಡಿ.

ದಂತ ಎಲ್ಲದಕ್ಕೂ ಇಡಬೇಡಿ. ನಮ್ಮಲ್ಲಿ ಹೆಣ್ಣಾನೆಗೆ ಹೊರಗೆ ಕಾಣುವ ಉದ್ದ ದಂತ ಇರಲ್ಲ. ಅಂಬಾರಿ ಆನೆಯ ಎರಡೂ ಪಕ್ಕ ನಡೆಯುವ ಕುಮ್ಕಿ ಆನೆಗಳು ಹೆಣ್ಣು, ಅವಕ್ಕೆ ದಂತ ಬೇಡ. ಟಿವಿಯಲ್ಲಿ ಸವಾರಿ ನೋಡುವಾಗ ಮಕ್ಕಳು ಇದನ್ನೇ ಹುಡುಕುತ್ತಾರೆ, ನೋಡುತ್ತಿರಿ.

ಈಗ ಅಲಂಕಾರ. ವಿಜಯದಶಮಿಗೆ ಮೊದಲು ಆನೆಗಳ ಹಣೆ, ಕಿವಿ, ಸೊಂಡಿಲು, ಕಾಲಿಗೆ ಬಣ್ಣದಲ್ಲಿ ಹೂಬಳ್ಳಿ ಬರೆಯುತ್ತಾರಲ್ಲ, ಅದನ್ನು ಬೆಂಕಿಕಡ್ಡಿ ಹಿಂಬದಿಯಿಂದ ಚುಕ್ಕಿ ಚುಕ್ಕಿಯಾಗಿ ಮಾಡಿಸಿ. ಗೆರೆ ಎಳೆಯೋಕೆ ಬಾರದ ಮಗುವೂ ಚುಕ್ಕಿ ಇಡುತ್ತದೆ. ಬೆನ್ನ ಮೇಲಿನ ಜೂಲಿಗೆ ಹಳೇ ರವಿಕೆ ಬಟ್ಟೆ ಚೂರು, ಜರಿ ಅಂಚು ಇದ್ದರೆ ಭರ್ಜರಿ. ಅಂಬಾರಿಗೆ ಮದುವೆ ಕಾರ್ಡು. ಚಿನ್ನದ ಬಣ್ಣದ ಆ ದಪ್ಪ ಕಾರ್ಡುಗಳನ್ನು ಎಸೆಯೋಕೂ ಮನಸ್ಸು ಬರಲ್ಲ, ಇಟ್ಟುಕೊಂಡು ಮಾಡೋದೂ ಏನಿಲ್ಲ, ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತವೆ. ಒಂದು ಚೌಕ, ಮೇಲೊಂದು ಗೋಪುರ ಕತ್ತರಿಸಿ. ಕಾರ್ಡಿನಲ್ಲಿ ದೇವರ ಚಿತ್ರ ಇರುವ ಕಡೆ ಕತ್ತರಿ ಹಾಕೋಕೆ ಹಿಂಜರಿಕೆ ಇದ್ದರೆ ಬರೀ ಹಿಂಬದಿ ಬಳಸಿ. ಅಂಬಾರಿಯೊಳಗೆ ಕೂರೋದು ತಾಯಿ ಚಾಮುಂಡೇಶ್ವರಿ. ಮಕ್ಕಳು ರಾಜನನ್ನು ಕೂರಿಸೋಕೆ ಹೊರಟರೆ ಹೇಳಿ, ರಾಜರು ಕೂರುತ್ತಿದ್ದದ್ದು ಹಿಂದೆ, ಈಗ ದೇವಿಯ ಮೂರ್ತಿ ಅಂತ.

ಅಂಬಾರಿ 750 ಕಿಲೋ ತೂಗುತ್ತದೆ ಅಂದರೆ ಮಕ್ಕಳಿಗೆ ಅರ್ಥ ಆಗಲ್ಲ. 25 ಕಿಲೋ ಅಕ್ಕಿ ಮೂಟೆ 30 ಅಂತ ಹೇಳಿ, ಬಾಯಿ ಬಿಡುತ್ತಾರೆ. ಅದನ್ನು ಹೊತ್ತುಕೊಂಡು ಅರಮನೆಯಿಂದ ಬನ್ನಿಮಂಟಪದ ತನಕ ಸುಮಾರು 5 ಕಿಲೋಮೀಟರ್ ನಡೆಯಬೇಕು. 2012ರಿಂದ 2019ರ ತನಕ ಹೊತ್ತದ್ದು ಅರ್ಜುನ, 2020ರಿಂದ ಅಭಿಮನ್ಯು. ಅರ್ಜುನ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಕಾರ್ಯಾಚರಣೆಯಲ್ಲಿ ಸತ್ತ. ಆ ವರ್ಷ ನಮ್ಮನೆಯಲ್ಲಿ ಮಾಡಿದ ಆನೆಗೂ ಮಗಳು ಅರ್ಜುನ ಅಂತಲೇ ಹೆಸರಿಟ್ಟಿದ್ದಳು. ಸುದ್ದಿ ಬಂದಾಗ ಅದನ್ನು ಗೋಡೆಯಿಂದ ತೆಗೆಯಬೇಕೋ ಬೇಡವೋ ಅಂತ ನಮಗೆ ತಿಳಿಯಲಿಲ್ಲ. ಅವಳೇ ಹೋಗಿ ಅದರ ಕೆಳಗೆ ಹುಲ್ಲು ಬರೆದು ಬಂದಳು.

ಸವಾರಿಯ ಕ್ರಮ ಬೇಕಾದರೆ ಮುಂದೆ ನಿಶಾನೆ ಆನೆ, ನೌಪತ್ ಆನೆ ಬರಲಿ. ನೌಪತ್ ಅಂದರೆ ನಗಾರಿ, ನಿಶಾನೆ ಅಂದರೆ ಬಾವುಟ, ಒಂದು ಕಡ್ಡಿಗೆ ಬಣ್ಣದ ಕಾಗದ ಸಾಕು. ಅಂಬಾರಿ ಆನೆ ನನ್ನದೇ ಆಗಬೇಕು ಅಂತ ಅಣ್ಣ ತಂಗಿ ಜಗಳ ಬರುತ್ತದೆ, ಬಂದೇ ಬರುತ್ತದೆ. ನಮ್ಮನೆಯಲ್ಲಿ ಅದಕ್ಕೆ ಕಂಡುಕೊಂಡ ದಾರಿ, ಅಂಬಾರಿ ಆನೆ ಮನೆಯ ಅತಿ ದೊಡ್ಡ ಕೈಯವರದ್ದು. 750 ಕಿಲೋ ಹೊರಬೇಕಲ್ಲ, ಚಿಕ್ಕ ಆನೆಗೆ ಆಗಲ್ಲ ಅಂದರೆ ಒಪ್ಪುತ್ತಾರೆ. ಹೀಗೆ ತಾತನ ಕೈಗೂ ಬಣ್ಣ ಬೀಳುತ್ತದೆ.

ಗೊಂಬೆ ಮುಂದೆ ನಿಲ್ಲಿಸೋದು

ಗೊಂಬೆ ಕೂರಿಸುವ ಮನೆಯಾದರೆ ಆನೆಗಳನ್ನು ಗೋಡೆಗೆ ಅಂಟಿಸಬೇಡಿ, ನಿಲ್ಲಿಸಿ. ಅಚ್ಚಿನ ಸುತ್ತ ಸ್ವಲ್ಪ ಅಂಚು ಬಿಟ್ಟು ಕತ್ತರಿಸಿ, ಹಿಂದೆ ಕೊರಿಯರ್ ಡಬ್ಬಿಯ ರಟ್ಟು ಅಂಟಿಸಿ. ಬೆರಳ ಸಂದಿಯೊಳಗೆಲ್ಲ ಕತ್ತರಿ ಆಡಿಸೋಕೆ ಹೋಗಬೇಡಿ, ಕಾಲು ಮುರಿಯುತ್ತದೆ. ಕೆಳಗೆ ಎರಡು ಬಟ್ಟೆ ಕ್ಲಿಪ್ ಸಿಕ್ಕಿಸಿದರೆ ಆನೆ ತಾನಾಗೇ ನಿಲ್ಲುತ್ತದೆ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿ, ಅದರ ಕೆಳಗೆ ದೇವರು, ಸೆಟ್ಟಿ ಸಂಸಾರ, ಎಲ್ಲಕ್ಕಿಂತ ಕೆಳಗೆ ನೆಲದ ಮೇಲೆ ಮಕ್ಕಳ ಸವಾರಿ. ಮಕ್ಕಳ ಕೈಗೆ ಎಟುಕುವ ಕಡೆ ಇಟ್ಟರೆ ಮೇಲಿನ ಗೊಂಬೆಗಳೂ ಕ್ಷೇಮ. ಗೊಂಬೆ ನೋಡೋಕೆ ಬಂದವರೆಲ್ಲ ಮೊದಲು ಬಗ್ಗಿ ನೋಡೋದು ಇದನ್ನೇ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಕೈ ಬಿಟ್ಟು ಕಾಲಿಂದಲೂ ಅಚ್ಚು ತೆಗೆಯಬಹುದು, ಚೆನ್ನಾಗೇ ಬರುತ್ತದೆ. ನಾನು ಒಂದು ಸಲ ಉತ್ಸಾಹದಲ್ಲಿ ಚಿಕ್ಕವನ ಪಾದದ ಅಚ್ಚಿಂದ ಗಣಪತಿ ಮಾಡಿದೆ. ಅತ್ತೆ ನೋಡಿದರು, ಏನೂ ಅನ್ನಲಿಲ್ಲ, ಸುಮ್ನೆ ತೆಗೆದುಕೊಂಡು ಹೋಗಿ ತುಳಸಿ ಕಟ್ಟೆ ಪಕ್ಕ ಇಟ್ಟರು. ಸಂಜೆ ಹೇಳಿದರು, "ದೇವರನ್ನ ಕಾಲಲ್ಲಿ ಬರೀಬಾರದಮ್ಮ." ಸರಿ ಅನ್ನಿಸಿತು. ಪಾದದಲ್ಲಿ ಗುಬ್ಬಿ, ಮೊಲ, ಮೀನು ಏನು ಬೇಕಾದರೂ ಮಾಡಿ. ದೇವರು, ನಾಗರ ಇವಕ್ಕೆ ಕೈಯೇ ಇರಲಿ.

ಆನೆ ಆಯಿತು, ಮುಂದೆ?

ಅದೇ ನವರಾತ್ರಿಗೆ ಚಾಮುಂಡಿಯ ಸಿಂಹ ಮಾಡಬಹುದು. ಊಟದ ತಟ್ಟೆ ಬೋರಲು ಹಾಕಿ ವೃತ್ತ ಎಳೆದು, ಅದರ ಸುತ್ತ ಬೆರಳು ಹೊರಗೆ ಮಾಡಿ ಕೈಯಚ್ಚು ಒತ್ತುತ್ತಾ ಹೋಗಿ, ಕೇಸರ ಆಗುತ್ತದೆ. ಹೊರಗಿನ ಸುತ್ತಿಗೆ ದೊಡ್ಡವರ ಕೈ ಕಂದು ಬಣ್ಣದಲ್ಲಿ, ಒಳಗಿನ ಸುತ್ತಿಗೆ ಮಕ್ಕಳ ಕೈ ಹಳದಿಯಲ್ಲಿ. ಮುಖ ನಡುವೆ ಬರೆಯಿರಿ. ನೆಂಟರೆಲ್ಲ ಸೇರಿದ ದಿನಕ್ಕೆ ಇದು ಒಳ್ಳೆಯದು, ಆದರೆ ಶೀಟು ದೊಡ್ಡದು ಬೇಕು.

ದೀಪಾವಳಿ ಹೊತ್ತಿಗೆ ಹಸು. ಆನೆಯ ಅಚ್ಚೇ, ಬಿಳಿ ಬಣ್ಣದಲ್ಲಿ, ಹೆಬ್ಬೆರಳು ಮಾತ್ರ ಸ್ವಲ್ಪ ಹತ್ತಿರ ಇಟ್ಟರೆ ಕತ್ತು. ಬಿಳಿ ಕಾಣಬೇಕಾದರೆ ಕಾಗದ ಬಣ್ಣದ್ದಿರಲಿ. ಮಲೆನಾಡಿನಲ್ಲಿ ಗೋಪೂಜೆ ದಿನ ದನದ ಮೈಗೆ ದುಂಡು ದುಂಡಾಗಿ ಅಚ್ಚೊತ್ತುತ್ತಾರಲ್ಲ, ಅದನ್ನು ಇಲ್ಲಿ ಬಾಟಲಿ ಮುಚ್ಚಳ ಕೆಮ್ಮಣ್ಣಿನ ಬಣ್ಣದಲ್ಲಿ ಅದ್ದಿ ಮಾಡಿ.

ಸಂಕ್ರಾಂತಿ ಎತ್ತಿಗೆ ಮಾತ್ರ ಕೈ ತಿರುಗಿಸೋದು ಬೇಡ, ಬೆರಳು ಮೇಲಕ್ಕೇ ಇರಲಿ. ಅಂಗೈಗೆ, ತೋರುಬೆರಳಿಗೆ, ಕಿರುಬೆರಳಿಗೆ, ಹೆಬ್ಬೆರಳಿಗೆ ಬಣ್ಣ ಹಚ್ಚಿ, ನಡುವಿನ ಎರಡು ಬೆರಳು ಬಿಟ್ಟುಬಿಡಿ. ಒತ್ತಿದರೆ ಅಂಗೈ ಮುಖ, ತೋರುಬೆರಳು ಕಿರುಬೆರಳು ಎರಡು ಕೊಂಬು, ಹೆಬ್ಬೆರಳು ಒಂದು ಕಿವಿ, ಇನ್ನೊಂದು ಕಿವಿ ನೀವು ಬರೆಯಬೇಕು. ಹಳ್ಳಿಕಾರ್ ಎತ್ತಿನ ಉದ್ದ ಕೊಂಬಿನ ಹಾಗೇ ಬರುತ್ತದೆ. ಕೊಂಬಿಗೆ ಬಣ್ಣ, ತುದಿಗೆ ಉಲ್ಲನ್ ಗೊಂಡೆ. ಕಿಚ್ಚು ಹಾಯಿಸೋ ಚಿತ್ರ ಬೇಕಾದರೆ ಕೆಳಗಡೆ ಕೆಂಪು, ಕಿತ್ತಳೆ ಬಣ್ಣದಲ್ಲಿ ಬೆರಳು ಮೇಲೆ ಮಾಡಿ ಸಾಲಾಗಿ ಕೈ ಒತ್ತಿ. ಬೆಂಕಿ ಅದು. ನನ್ನ ಪ್ರಕಾರ ಈ ಎಲ್ಲದರಲ್ಲಿ ಅತಿ ಚೆಂದ ಬರೋದು ಈ ಬೆಂಕಿಯೇ.

ಗಣೇಶನ ಹಬ್ಬಕ್ಕೆ ಹೆಬ್ಬೆಟ್ಟು ಒತ್ತಿ ಬಾಲ, ಕಿವಿ ಬರೆದರೆ ಇಲಿ. ಐದು ನಿಮಿಷದ ಕೆಲಸ. ಕ್ರಿಸ್‌ಮಸ್‌ಗೆ ಹಿಮಸಾರಂಗ ಮಾಡುವವರು ಎರಡೂ ಕೈಯನ್ನು ಕೊಂಬಾಗಿ ಒತ್ತಿ, ನಡುವೆ ಕಂದು ಮುಖ ಬರೆದು ಕೆಂಪು ಮೂಗು ಇಡುತ್ತಾರೆ. ಅಮೆರಿಕದಲ್ಲಿರುವ ನಮ್ಮ ಚಿಕ್ಕಮ್ಮನ ಮೊಮ್ಮಗ ನವೆಂಬರಿನಲ್ಲಿ ಸ್ಕೂಲಿಂದ ಕೈಯಚ್ಚಿನ ಟರ್ಕಿ ಕೋಳಿ ತರುತ್ತಾನೆ. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅದೇ ಪದ್ಧತಿ. ಹೆಬ್ಬೆರಳು ತಲೆ, ನಾಲ್ಕು ಬೆರಳು ಗರಿ. ವೀಡಿಯೊ ಕಾಲಲ್ಲಿ ತೋರಿಸಿದಾಗ ನನ್ನ ಮಗಳು "ಅದನ್ನ ತಲೆಕೆಳಗೆ ಹಿಡಿ" ಅಂದಳು. ಹಿಡಿದ. ಇಬ್ಬರೂ ಒಟ್ಟಿಗೆ ಕೂಗಿದರು, ಆನೆ!

ಎತ್ತಿಡುವ ಮುಂಚೆ

ಪ್ರತಿ ಆನೆಯ ಹಿಂದೆ ಪೆನ್ಸಿಲ್ಲಿಂದ ಮಗುವಿನ ಹೆಸರು, ವಯಸ್ಸು, ಇಸವಿ ಬರೆಯಿರಿ. ಸ್ಕೆಚ್ ಪೆನ್ ಆದರೆ ಮುಂಬದಿಗೆ ಇಳಿಯುತ್ತದೆ. ಲ್ಯಾಮಿನೇಶನ್ ಮಾಡಿಸುವ ಆಸೆ ಇದ್ದರೆ ಜೂಲು, ಬಾಲ ಅಂಟಿಸುವ ಮೊದಲೇ ಮಾಡಿಸಿ. ಅದೂ ಪೋಸ್ಟರ್ ಕಲರ್ ಆನೆಗೆ ಮಾತ್ರ, ಪೂರ್ತಿ ಎರಡು ದಿನ ಒಣಗಿದ ಮೇಲೆ. ರಾಗಿ ಆನೆಯ ಫೋಟೋ ತೆಗೆದಿಟ್ಟುಕೊಳ್ಳಿ, ಅದು ವರ್ಷಗಟ್ಟಲೆ ಉಳಿಯಲ್ಲ. ಉಳಿದವನ್ನು ಒಂದರ ಮೇಲೊಂದು ಇಡುವಾಗ ನಡುವೆ ದಿನಪತ್ರಿಕೆ ಹಾಳೆ ಹಾಕಿ, ಗೊಂಬೆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ, ಒಣಗಿದ ಬೇವಿನ ಸೊಪ್ಪಿನ ಜೊತೆ ಇಡಿ. ಕ್ಲಿಪ್ಪುಗಳನ್ನು ಮಾತ್ರ ಮರೆಯದೆ ಬಿಚ್ಚಿಕೊಳ್ಳಿ. ನಾನು ಮರೆತಿದ್ದೆ, ಆ ವರ್ಷವೆಲ್ಲ ಗಾಳಿ ಬಂದಾಗ ಬಟ್ಟೆ ಹಾರಿ ಪಕ್ಕದ ಮನೆ ಅಂಗಳಕ್ಕೆ ಬೀಳುತ್ತಿತ್ತು.